"ತಗೊಳ್ಳಿ" ಅನ್ನದ ಚಹಾ

ಸೆಮರಾಂಗ್ ನಗರದ ಗುಡ್ಡದ ಮೇಲಿನ ನಮ್ಮ ಕೇರಿಗೆ ನಗರಸಭೆ ಕೊನೆಗೂ ಒಂದು ನಲ್ಲಿ ಕೊಡಲು ಒಪ್ಪಿತ್ತು. ಒಂದೇ ಒಂದು. ಅದೂ ಕೆಳಗೆ, ಕಾರು ಬರುವ ರಸ್ತೆಯಲ್ಲಿ, ಕೇರಿಯ ಮುಖ್ಯಸ್ಥ ಸುಗೆಂಗರ ಮನೆಯೆದುರು. ಸುಣ್ಣದಲ್ಲಿ ಗುರುತೂ ಆಗಿತ್ತು. ಆ ಸಾಲಿನವರಿಗೆಲ್ಲ ಬೋರ್‌ವೆಲ್ ಉಂಟು. ನೀರಿಲ್ಲದವರು ಮೆಟ್ಟಿಲು ಹತ್ತಿ ಗುಡ್ಡದ ಮೇಲಿರುವ ನಾವು.

"ಯಾರದ್ದಾದ್ರೂ ತಕರಾರಿದ್ಯಾ?" ಎಂದು ಹಿಂದಿನ ಸಭೆಯಲ್ಲಿ ಸುಗೆಂಗರು ಕೇಳಿದಾಗ ನಾವು "ಹೂಂ, ಹಾಗೇ ಆಗ್ಲಿ" ಎಂದು ತಲೆಬಾಗಿಸಿ ಬಂದಿದ್ದೆವು. ಜಾವಾದ ಜನ ನಾವು. ದೊಡ್ಡವರ ಮುಖಕ್ಕೆ ಬೇಡ ಎನ್ನಲು ನಾಲಿಗೆ ಏಳುವುದಿಲ್ಲ. ಹೊರಗೆ ಬಂದ ಮೇಲೆ ಗೊಣಗುತ್ತೇವೆ, ಅಷ್ಟೇ.

ಹೋದ ಮಳೆಗಾಲದಲ್ಲಿ ವಾಗಿಯೆಮ್ ಅಜ್ಜಿಯ ಸೊಸೆ ರತ್ಮಿ ಕೆಳಗಿಂದ ನೀರಿನ ಕ್ಯಾನು ಹೊತ್ತು ಬರುವಾಗ ಆ ಪಾಚಿ ಮೆಟ್ಟಿಲಲ್ಲಿ ಜಾರಿದಳು. ಹೊಟ್ಟೆಯ ಕೂಸು ಉಳಿಯಲಿಲ್ಲ. ಈಗ ಮತ್ತೆ ಬಸುರಿ.

ಕೊನೆಯ ಸಭೆ ಸುಗೆಂಗರ ಜಗಲಿಯಲ್ಲಿ. ಚಹಾದ ಸರದಿ ಅಜ್ಜಿಯದು. ನಗರಸಭೆಯ ಎಳೆ ಇಂಜಿನಿಯರ್ ಪ್ರಸೆತ್ಯೊ ಚಾಪೆಯ ಮೇಲೆ ಕೂತಿದ್ದ. ಅಜ್ಜಿ ಎಲ್ಲರೆದುರು ಲೋಟ ಇಟ್ಟು ಸುಮ್ಮನೆ ಕೂತಳು. ಕೊಟ್ಟವರು "ತಗೊಳ್ಳಿ" ಅನ್ನದೆ ನಮ್ಮಲ್ಲಿ ಯಾರೂ ಲೋಟ ಮುಟ್ಟುವುದಿಲ್ಲ. ಹಬೆ ಇಳಿಯಿತು. ಸುಗೆಂಗರು ಕೆಮ್ಮಿದರು.

"ಅಜ್ಜೀ, ಏನೋ ಮರ್ತಂಗಿದೆ?"

"ವಯಸ್ಸಾಯ್ತಲ್ಲಪ್ಪ, ಎಲ್ಲಾ ಮರ್ತೋಗತ್ತೆ. ಆ ಮೆಟ್ಟಿಲು ಒಂದ್ ಬಿಟ್ಟು."

"ಯಾವ ಮೆಟ್ಟಿಲಜ್ಜಿ?" ಎಂದ ಪ್ರಸೆತ್ಯೊ.

"ಈ ಚಹಾ ಹತ್ತಿಳಿದದ್ದು, ಮಗಾ. ನೀರು ಮೇಲಕ್ಕೆ ಹೊತ್ತೆ, ಕಾಸಿದೆ, ಮತ್ತೆ ಕೆಳಗೆ ತಂದೆ. ಲೋಟ ಹಿಡ್ಕೊಂಡು ಬಾ. ಮೇಲೆ ಹೋದ್ಮೇಲೆ 'ತಗೋ' ಅಂತೀನಿ."

"ಮುದುಕಿಗೆ ತಲೆ ಕೆಟ್ಟಿದೆ" ಎಂದು ಯಾರೋ ಅಂದರು. ಇಂಜಿನಿಯರ್ ಹುಡುಗ ಲೋಟ ಹಿಡಿದು ಎದ್ದೇಬಿಟ್ಟ. ನಾವೆಲ್ಲ ಹಿಂದೆ ಹೊರಟೆವು. ಅರ್ಧಕ್ಕೇ ಅವನಿಗೆ ಏದುಸಿರು, ಅಂಗಿಯ ಮೇಲೆಲ್ಲ ಚಹಾ. ಒಂದು ತಿರುವಿನಲ್ಲಿ ಅಜ್ಜಿ ನಿಂತಳು. ಸುಗೆಂಗರೇ ತಗ್ಗಿದ ದನಿಯಲ್ಲಿ ಹೇಳಿದರು: "ಅಜ್ಜಿಯ ಸೊಸೆ ಬಿದ್ದು ಕೂಸು ಕಳ್ಕೊಂಡದ್ದು ಇಲ್ಲೇ ಸಾರ್."

ಮೇಲೆ ತಲುಪಿ ಪ್ರಸೆತ್ಯೊ ಬೆವರು ಒರೆಸಿಕೊಂಡ. "ಇಲ್ಲಿಗೆ ನೀರು ಹತ್ಬೇಕಂದ್ರೆ ಪಂಪು ಬೇಕು. ಸಾಹೇಬರು ನನ್ನ ಬೈತಾರೆ."

"ಬೈಸ್ಕೋ. ಎಳೇ ಮೈ, ತಡ್ಕೊಳ್ಳತ್ತೆ."

ಅವನು ನಗಲಿಲ್ಲ. ನಮ್ಮ ಕಡೆ ತಿರುಗಿದ. "ನೀವೆಲ್ಲ ಒಪ್ಪಿದೀರಿ ಅಂತ ಬರ್ದಿದೆ. ನಲ್ಲಿ ಕೆಳಗೇ ಇರ್ಲಾ?"

ಅಭ್ಯಾಸಬಲ, ನನ್ನ ತಲೆ ಆಗಲೇ ಬಾಗಿತ್ತು. ಎದುರು ಬಾಗಿಲಲ್ಲಿ ರತ್ಮಿ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು.

"ಬೇಡ" ಅಂದೆ. ನನ್ನ ದನಿ ನನಗೇ ಹೊಸದೆನಿಸಿತು. ಹಿಂದಿನಿಂದ ಇನ್ನೊಂದು "ಬೇಡ" ಬಂತು, ಮತ್ತೊಂದು. ಸುಗೆಂಗರು ನೆಲ ನೋಡುತ್ತಾ ನಿಂತರು.

ಪ್ರಸೆತ್ಯೊ ರತ್ಮಿಯ ಬಾಗಿಲ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ.

"ಈಗ ತಗೋ ಮಗಾ" ಎಂದಳು ಅಜ್ಜಿ.

ಲೋಟದ ತಳದಲ್ಲಿ ಒಂದೇ ಗುಟುಕು ಉಳಿದಿತ್ತು. ಅವನು ಅದನ್ನು ನಿಂತೇ ಕುಡಿದ.