ಒಂದೇ ಸಾಲಿನ ಅರ್ಜಿ

ಸರ್ಕಾರಿ ವಕೀಲನಿಗೆ ನ್ಯಾಯಾಧೀಶರ ಪೀಠ ಕಂಡರೆ ಹೊಟ್ಟೆ ಉರಿಯುತ್ತಿತ್ತು. ಪೀಠದ ತಪ್ಪೇನಿಲ್ಲ ಬಿಡಿ, ಅದರ ಮೇಲೆ ಕೂತವಳು ಅವನ ಜೊತೆ ಒಂದೇ ಬೆಂಚಿನಲ್ಲಿ ಕಾನೂನು ಓದಿದವಳು. ನನ್ನ ನೋಟ್ಸ್ ಓದಿಯೇ ಜಡ್ಜ್ ಆದಳು ಎಂದು ಅವನು ಹೆಂಡತಿಗೆ ನೂರು ಸಲ ಹೇಳಿದ್ದ. ಹಾಗಾದರೆ ಅದೇ ನೋಟ್ಸ್ ನಿಮಗೇಕೆ ನಾಟಲಿಲ್ಲ ಎಂದು ಹೆಂಡತಿ ಒಂದೇ ಸಲ ಕೇಳಿದಳು. ಅಂದಿನಿಂದ ಮನೆಯಲ್ಲಿ ಆ ಮಾತು ನಿಂತಿತು, ಉರಿ ನಿಲ್ಲಲಿಲ್ಲ.

ಆ ಸೋಮವಾರ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಹೆಂಗಸಿನ ಕೇಸು ಬಂತು. ಮಾಲೀಕನ ವಾಚು ಕದ್ದ ಆರೋಪದ ಮೇಲೆ ಎರಡು ತಿಂಗಳಿಂದ ಜೈಲಿನಲ್ಲಿದ್ದಳು. ವಕೀಲನೇ ಪಟ್ಟು ಹಿಡಿದು ಕ್ಯಾಮೆರಾದ ದೃಶ್ಯ ತರಿಸಿ ನೋಡಿದ್ದ: ಕದ್ದವನು ಮಾಲೀಕನ ಸ್ವಂತ ಭಾವಮೈದುನ. ಕೇಸು ಹಿಂದಕ್ಕೆ ಪಡೆಯುವ ಹಕ್ಕು ವಕೀಲನದು, ಆದರೆ ನ್ಯಾಯಾಧೀಶರ ಒಪ್ಪಿಗೆ ಬೇಕು. ಅವನು ನಾಲ್ಕು ಪುಟ ಕಾರಣ ಬರೆದ. ಇವಳ ಮುಂದೆ ನಾನು ಪಾಠ ಒಪ್ಪಿಸಬೇಕೇ ಎನಿಸಿದ್ದೇ ತಡ, ಪುಟಗಳನ್ನು ಕೋಟಿನ ಜೇಬಿಗೆ ತುರುಕಿದ. ಕೊಟ್ಟದ್ದು ಒಂದೇ ಸಾಲು: ಕೇಸು ಹಿಂದಕ್ಕೆ ಪಡೆಯುತ್ತಿದ್ದೇನೆ.

“ಕಾರಣ ಏನು?” ಎಂದು ಆಕೆ ಕೇಳಿದಳು.

“ಅದು ನನ್ನ ವಿವೇಚನೆಗೆ ಬಿಟ್ಟಿದ್ದು, ಮೇಡಂ.”

“ಇರಬಹುದು. ಆದ್ರೆ ನೀವೇ ಯೋಚಿಸಿ ಬಿಡ್ತಿದ್ದೀರೋ, ಯಾರೋ ಹೇಳಿದ್ರು ಅಂತ ಬಿಡ್ತಿದ್ದೀರೋ, ನಂಗೆ ಹೇಗೆ ಗೊತ್ತಾಗ್ಬೇಕು? ಕಾರಣ ಇಲ್ದೆ ನಾನು ಒಪ್ಪಲ್ಲ.”

ವಿಚಾರಣೆ ಮುಂದಿನ ತಿಂಗಳಿಗೆ ಹೋಯಿತು. ತನ್ನ ಮೂಗು ಕೊಯ್ದುಕೊಂಡು ಎದುರಿನವರಿಗೆ ಅಪಶಕುನ ಮಾಡುವವರುಂಟು. ಈ ಮಹಾಶಯ ಕೊಯ್ದದ್ದು ಇನ್ನೊಬ್ಬರ ಮೂಗನ್ನು.

ವರಾಂಡದಲ್ಲಿ ಪೊಲೀಸರ ನಡುವೆ ಹೋಗುತ್ತಿದ್ದ ಹೆಂಗಸು ಅವನ ಮುಂದೆ ನಿಂತಳು.

“ಹೇಳೋಕೆ ಒಂದು ಕಾರಣಾನೂ ಸಿಗ್ಲಿಲ್ವಾ, ಸಾರ್? ಹಾಗಾದ್ರೆ ನಾನೇ ಕದ್ದಿದ್ದು ಅಂತ ಆಯ್ತು.”

ಅವನಿಗೆ ನಾಚಿಕೆಯಾಯಿತು. ಅವರನ್ನು ಅಲ್ಲೇ ನಿಲ್ಲಿಸಿ ಒಳಗೆ ಓಡಿ, ಮುದುಡಿದ ನಾಲ್ಕು ಪುಟಗಳನ್ನು ಪೀಠಕ್ಕೆ ಕೊಟ್ಟ. ಆಕೆ ಒಂದಕ್ಷರ ಬಿಡದೆ ಓದಿ, ಹೆಂಗಸನ್ನು ಕರೆಸಿ, ಬಿಡುಗಡೆಗೆ ಸಹಿ ಹಾಕಿದಳು.

“ತುಂಬಾ ಚೆನ್ನಾಗಿ ಬರ್ದಿದ್ದೀರಿ,” ಎಂದಳು. ಅದರಲ್ಲಿ ಕೊಂಕು ಹುಡುಕಿದ. ಸಿಗಲಿಲ್ಲ, ಅದು ಇನ್ನೂ ಉರಿಸಿತು.

ಹೆಂಗಸು ಅಳುತ್ತಾ ಪೀಠಕ್ಕೆ ಮೂರು ಸಲ ತಲೆಬಾಗಿದಳು. ಪಕ್ಕದಲ್ಲೇ ನಿಂತಿದ್ದ ಅವನ ಕಡೆ ತಿರುಗಲಿಲ್ಲ. ತಿರುಗಲಿ ಎಂದು ಅವನು ಕೋರ್ಟು ಖಾಲಿಯಾಗುವವರೆಗೂ ನಿಂತೇ ಇದ್ದ.