ನಿಂಗವ್ವನ ಆಮ್ಲಜನಕ ಯಂತ್ರ

೨೦೧೬ರ ಅಕ್ಟೋಬರ್ ೧೫, ಶನಿವಾರ, ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಚಿತ್ರಾ ಹೂಸ್ಟನ್ ಹತ್ತಿರದ ಫುಲ್‌ಶೀರ್‌ನಲ್ಲಿ ಬಸವರಾಜನ ಮನೆಯ ಗ್ಯಾರೇಜಿನಲ್ಲಿ ಮೊದಲ ಯಂತ್ರದ ಪ್ಲಗ್ ಸಿಕ್ಕಿಸಿದಳು. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಸಾರಜನಕವನ್ನು ಒಳಗೇ ಹಿಡಿದಿಟ್ಟು, ಆಮ್ಲಜನಕವನ್ನು ಕೊಳವೆಗೆ ಬಿಡುವ ಯಂತ್ರಗಳು ಅವು. ಹೂಸ್ಟನ್, ಡಲ್ಲಾಸ್, ಆಸ್ಟಿನ್‌ಗಳ ಕನ್ನಡದ ಮನೆಗಳು ಕೊಟ್ಟ ಏಳು ಯಂತ್ರಗಳು ಲೈಬೀರಿಯಾದ ಒಂದು ಮಿಷನ್ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹೋಗಬೇಕಿತ್ತು. ಅಲ್ಲಿಯ ಜನರೇಟರ್ ಕೂಡ ಅಮೆರಿಕದ್ದೇ ಆದ್ದರಿಂದ ವೋಲ್ಟೇಜಿನ ತಕರಾರಿರಲಿಲ್ಲ. ಹತ್ತಕ್ಕೆ ಟ್ರಕ್ ಬರುವುದಿತ್ತು.

ಚಿತ್ರಾ ಆಸ್ಟಿನ್‌ನ ಆಸ್ಪತ್ರೆಯೊಂದರಲ್ಲಿ ಉಪಕರಣಗಳನ್ನು ನೋಡಿಕೊಳ್ಳುವ ಎಂಜಿನಿಯರ್. ಶೇಕಡಾ ೮೨ಕ್ಕಿಂತ ಕಡಿಮೆ ಆಮ್ಲಜನಕ ಕೊಡುವ ಯಂತ್ರ ಹೋಗಬಾರದೆಂಬ ನಿಯಮ ಅವಳೇ ಮಾಡಿದ್ದು. ಸೆಪ್ಟೆಂಬರಿನಲ್ಲಿ ಏಳೂ ತೊಂಬತ್ತು ದಾಟಿದ್ದವು. ಆದರೂ ಸಾಗಿಸುವ ದಿನ ಇನ್ನೊಮ್ಮೆ ಅಳೆಯುವುದು ರೂಢಿ.

ಕೊಳವೆಗೆ ಮೀಟರ್ ಹಿಡಿದು ನೋಡಿದಾಗ ಆರು ಯಂತ್ರಗಳು ಪಾಸಾದವು. ಒಂದೊಂದರ ಹಣೆಯ ಮೇಲೂ ಹಿಂದಿನ ಭಾನುವಾರದ ಆಯುಧ ಪೂಜೆಯ ಕುಂಕುಮವಿತ್ತು. ಪೆಟ್ಟಿಗೆಗೆ ಟೇಪ್ ಅಂಟಿಸುತ್ತಿದ್ದ ಪ್ರಹ್ಲಾದ್ ಅಂಕಲ್, ಡಲ್ಲಾಸ್‌ನಲ್ಲಿ ನಿವೃತ್ತರಾದ ಮಕ್ಕಳ ಡಾಕ್ಟರು, ಅವಳನ್ನು ರೇಗಿಸಿದರು: "ಮದುವೆಗೆ ಮುಂಚೆ ಗಂಡನಿಗೂ ಈ ಮೀಟರ್ ಹಿಡಿದಿದ್ದೆಯೇನಮ್ಮ?"

"ಹಿಡಿದಿದ್ದರೆ ಫೇಲಾಗ್ತಿದ್ದರು, ಅಂಕಲ್."

ಬಸವರಾಜ ನಗಲಿಲ್ಲ. ಏಳನೆಯ ಯಂತ್ರವನ್ನು ಅವನು ಗೋಡೆಯ ಕಡೆಗೆ ಸರಿಸಿಟ್ಟಿದ್ದ. ಅವನ ತಾಯಿ ನಿಂಗವ್ವ ಎರಡು ವರ್ಷ ಅದರಿಂದಲೇ ಉಸಿರಾಡಿ, ಜೂನ್‌ನಲ್ಲಿ ತೀರಿಕೊಂಡಿದ್ದಳು. ಹುಬ್ಬಳ್ಳಿಯಿಂದ ತರಿಸಿ ಯಂತ್ರಕ್ಕೆ ಅಂಟಿಸಿದ್ದ ಹಿತ್ತಾಳೆಯ ಪಟ್ಟಿಯಲ್ಲಿ ಅವಳ ಹೆಸರಿತ್ತು.

"ಇದನ್ನ ಅಳೀಬ್ಯಾಡ್ರಿ," ಎಂದ. "ನಮ್ಮವ್ವನ ಉಸಿರು ಹಿಡದು ನಿಲ್ಲಿಸಿದ್ದು ಇದು."

ಚಿತ್ರಾ ಹಿಂಬದಿಯ ಫಿಲ್ಟರ್ ತೆಗೆದಳು. ಹಸಿಯಾಗಿತ್ತು. ಅಂಚಿನಲ್ಲಿ ಅರಿಶಿನದ ಕಲೆ, ಬೂಷ್ಟಿನ ವಾಸನೆ. ಪೂಜೆಯ ದಿನ ಏನು ಮಾಡಿದಿರಿ ಎಂದು ಕೇಳಿದಳು.

ಅವನು ಮುಚ್ಚಿಡಲಿಲ್ಲ. ಉಳಿದವಕ್ಕೆಲ್ಲ ಕುಂಕುಮವಿಟ್ಟು ಹೂವು ಏರಿಸಿದ್ದರಂತೆ, ಅಷ್ಟೆ. ಅವ್ವನ ಯಂತ್ರಕ್ಕೆ ಅಷ್ಟು ಸಾಲದೆನಿಸಿ ಕವಚ ಬಿಚ್ಚಿ, ಅರಿಶಿನದ ನೀರಿನಲ್ಲಿ ಫಿಲ್ಟರ್ ತೊಳೆದು, ಒಳಗೆಲ್ಲ ಒದ್ದೆ ಬಟ್ಟೆಯಿಂದ ಒರೆಸಿದ್ದ. ಮಂಗಳಾರತಿಗೆ ತಡವಾಗುತ್ತದೆಂದು ಹಸಿಯಲ್ಲೇ ಜೋಡಿಸಿದ್ದ. ಪೂಜೆಯಾದ ಮೇಲೆ ಕಾರನ್ನು ಒಮ್ಮೆ ಚಾಲೂ ಮಾಡುವಂತೆ ಇದನ್ನೂ ಚಾಲೂ ಮಾಡಿದ.

"ಎಷ್ಟು ಹೊತ್ತು?"

"ಸಂಜಿತನಾ. ಅವ್ವ ಒಳಗಿನ ಖೋಲ್ಯಾಗ ಮಲಗಿದಂಗ ಆತು. ಬಂದ್ ಮಾಡಾಕ ಮನಸ್ಸಾಗಲಿಲ್ಲ."

ಯಂತ್ರದೊಳಗೆ ಸಾರಜನಕ ಹಿಡಿಯುವ ಹರಳುಗಳಿರುತ್ತವೆ, ಅವು ನೀರು ಕುಡಿದರೆ ಮತ್ತೆ ಸಾರಜನಕ ಹಿಡಿಯುವುದಿಲ್ಲ, ಒಣಗಿಸಿದರೂ ಸರಿಹೋಗುವುದು ಕಷ್ಟ ಎಂದು ಚಿತ್ರಾ ನಿಧಾನವಾಗಿ ಹೇಳಿದಳು. ಹಾಳಾಗಿದೆಯೆಂದು ಈಗಲೇ ಹೇಳಲಾಗದು, ಅಳೆದರೆ ಗೊತ್ತಾಗುತ್ತದೆ ಎಂದಳು.

ಬಸವರಾಜ ಪ್ರಹ್ಲಾದ್ ಅಂಕಲ್ ಕಡೆ ತಿರುಗಿದ. ಏಳು ಕಳಿಸುತ್ತೇವೆಂದು ಮಾತು ಕೊಟ್ಟವರು ಅವರೇ. ಅವರು ಟೇಪಿನ ಸುರುಳಿಯನ್ನು ಕೆಳಗಿಟ್ಟರು.

"ಹೋದ ವರ್ಷ ಲೈಬೀರಿಯಾದ ಆ ಆಸ್ಪತ್ರೆಯಲ್ಲಿದ್ದಾಗ ಒಂದು ಮಗುವಿನ ಪಕ್ಕ ಯಾರೋ ಕೊಟ್ಟ ಯಂತ್ರ ಓಡುತ್ತಿತ್ತು ಮಾರಾಯ. ಶಬ್ದ ಬರುತ್ತಿತ್ತು, ಕೊಳವೆಯಲ್ಲಿ ಗಾಳಿ ಬರುತ್ತಿತ್ತು. ತಾಯಿ ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿದಳು. ಅದರಿಂದ ಏನು ಬರುತ್ತಿದೆ ಎಂದು ನಾವು ಯಾರೂ ನೋಡಲಿಲ್ಲ. ಮಗು ಬೆಳಗಿನವರೆಗೆ ಉಳಿಯಲಿಲ್ಲ. ನನ್ನನ್ನು ಕೇಳಬೇಡ."

ಹೊರಗೆ ಟ್ರಕ್ ಹಿಂದಕ್ಕೆ ಬರುವ ಸದ್ದು ಕೇಳಿಸಿತು. ಚಿತ್ರಾ ಕಾದಳು. ಪ್ಲಗ್ಗಿಗೆ ಕೈ ಹಾಕಲಿಲ್ಲ.

ಬಸವರಾಜ ಅಂಗಿಯ ತುದಿಯಿಂದ ಹಿತ್ತಾಳೆಯ ಪಟ್ಟಿ ಒರೆಸಿದ. ಆಮೇಲೆ ತಾನೇ ಬಗ್ಗಿ ಪ್ಲಗ್ ಸಿಕ್ಕಿಸಿದ. ಯಂತ್ರ ಮೊದಲಿನ ಹಾಗೇ ಉಸ್ಸೆನ್ನುತ್ತಾ ಓಡತೊಡಗಿತು. ಅಡುಗೆಮನೆಯಿಂದ ಅವನ ಹೆಂಡತಿ ಸೌಂದರ್ಯಾ ಬಂದು ಬಾಗಿಲಲ್ಲೇ ನಿಂತಳು.

ಹತ್ತು ನಿಮಿಷದ ಮೇಲೆ ಮೀಟರಿನ ಅಂಕಿ ಏರುವುದನ್ನು ನಿಲ್ಲಿಸಿತು. ಚಿತ್ರಾ ಮೀಟರನ್ನು ಅವನ ಕೈಗೆ ಕೊಟ್ಟಳು. ಕನ್ನಡಕ ಮೇಲೆ ಸರಿಸಿ ಅವನೇ ಓದಿದ.

ಶೇಕಡಾ ೭೧.೪.