ಗುಳಿಗಿ ನುಂಗಿಲ್ಲ

"ಏಳ ರಂಡೆ! ಹನ್ನೊಂದಾದಮ್ಯಾಲ ಹೂ ಬಾಡಿದ್ರ ನಿಮ್ಮಪ್ಪ ಬಂದು ಅರಳಸ್ತಾನೇನ?"

ಗುದ್ಲೆಪ್ಪ ಸಾವ್ಕಾರ ಬದುವಿನ ಮೇಲೆ ನಿಂತು ಬೈದ. ಚಿಕ್ಕೇರೂರಿನ ಆಚೆ ಅವನದು ಬೀಜಕ್ಕಾಗಿ ಹತ್ತಿ ಬೆಳೆಯುವ ಹೊಲ. ಗಂಡು ಹೂವನ್ನು ಹೆಣ್ಣು ಹೂವಿಗೆ ಒರೆಸುತ್ತ ಕೂಲಿಯವರು ಹೂ ಬಾಡುವುದರೊಳಗೆ ಸಾಲು ಮುಗಿಸಬೇಕು. ಗುಲ್ನಾರ ಸಾಲಿನ ನಡುವೆ ಹೊಟ್ಟೆ ಹಿಡಿದು ಕೂತಿದ್ದಳು. ಮದುವೆಯಾಗಿ ಐದು ವರ್ಷಕ್ಕೆ ನಿಂತ ಬಸಿರು, ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ನಿನ್ನೆಯಿಂದ ಕೆಂಪು ಕಾಣುತ್ತಿತ್ತು.

"ಸಾವ್ಕಾರ್ರ, ರಕ್ತ ಹೊಂಟೇತ್ರಿ. ದವಾಖಾನಿಗೆ ಹೋಗಿ ಬರ್ತೇನ್ರಿ."

"ನಿಮಗ ತಿಂಗಳಾ ತಿಂಗಳಾ ಹೋಗೂದ ಐತಲ್ಲ. ಸಾಲು ಮುಗಿಸಿ ಸಾಯಿ."

ಮುಗಿಸಿದಳು. ಅಷ್ಟರಲ್ಲಿ ಸೀರೆ ಕಾಲಿಗೆ ಅಂಟಿತ್ತು. ಪಕ್ಕದ ಸಾಲಿನ ಮಹಾದೇವಕ್ಕ ತನ್ನ ತಲೆವಸ್ತ್ರ ಬಿಚ್ಚಿ ಅವಳ ಸೊಂಟಕ್ಕೆ ಸುತ್ತಿದಳು, ರಸ್ತೆಗೆ ಓಡಿ ಟಂಟಂ ಗಾಡಿ ನಿಲ್ಲಿಸಿದಳು.

ಪೇಟೆಯ ಖಾಸಗಿ ದವಾಖಾನೆಯಲ್ಲಿ ನರ್ಸಬಾಯಿ ಮೂಗು ಮುಚ್ಚಿಕೊಂಡಳು.

"ಯಾವ ಗುಳಿಗಿ ನುಂಗೀದಿ?"

"ಯಾವ್ದೂ ನುಂಗಿಲ್ರಿ."

"ಸುಳ್ಳ ಹೇಳಬ್ಯಾಡ. ಬಸಿರು ಬ್ಯಾಡಾದಾಗ ಮೆಡಿಕಲ್ ಅಂಗಡ್ಯಾಗ ತಗೊಂಡು ನುಂಗೂದು, ಜೀವಕ್ಕ ಬಂದಾಗ ನಮ್ಮ ಬಾಗಲಕ್ಕ ಬರೂದು."

"ಬಾಯಾರ, ಐದ ವರ್ಷ ಹರಕಿ ಹೊತ್ತಾಳ್ರಿ ಆಕಿ," ಎಂದಳು ಮಹಾದೇವಕ್ಕ. "ದರ್ಗಾಕ್ಕೂ ಹೋದ್ಲು, ನಮ್ಮ ದುರ್ಗವ್ವಗೂ ಕಾಯಿ ಒಡಸಿದ್ಲು."

"ನಿನ್ನ ಯಾರ ಕೇಳಿದ್ರು? ಹೊರಗ ನಿಂದ್ರು."

ನರ್ಸಬಾಯಿ ಕಾಗದ, ಪೆನ್ನು ತಂದು ಮುಂದಿಟ್ಟಳು. ಗುಲ್ನಾರ ಏಳನೇ ಇಯತ್ತೆ ಕಲಿತವಳು. ನಿಧಾನ ಓದಿದಳು. ತಾನಾಗಿಯೇ ಗುಳಿಗೆ ನುಂಗಿದ್ದೇನೆ ಎಂದು ಬರೆದಿತ್ತು. ಇದು ಮನೆಗೆ ಹೋದರೆ ಅತ್ತೆ ಕುಲಸುಮಬಿ ಹೊಸ್ತಿಲು ದಾಟಿಸುವುದಿಲ್ಲ. ಗಂಡ ನಯೀಮ ಇದನ್ನು ನಂಬಲಿಕ್ಕಿಲ್ಲ, ಆದರೆ ತಾಯಿಯ ಮುಂದೆ ಬಾಯಿ ತೆರೆಯುವವನೂ ಅಲ್ಲ.

"ಇದು ಸುಳ್ಳೈತ್ರಿ. ಸೈ ಮಾಡೂದಿಲ್ಲ."

"ಮಾಡದಿದ್ರ ಡಾಕ್ಟರು ಮುಟ್ಟೂದಿಲ್ಲ. ನಾಳೆ ಕೇಸಾದ್ರ ನಾವ್ಯಾಕ ಸಾಯೂಣು? ಹೋಗು, ಬೆಂಚಿನ ಮ್ಯಾಲ ಕುಂದ್ರು. ಏ, ಬ್ಯಾಡ, ಬೆಂಚ ಹೊಲಸಾಕ್ಕೈತಿ. ನೆಲದ ಮ್ಯಾಲ ಕುಂದ್ರು."

ಹೊರಗೆ ಮಹಾದೇವಕ್ಕನ ಪಕ್ಕ ನೆಲದ ಮೇಲೆ ಕೂತಳು. ಒಂದು ತಾಸಾಯಿತು. ಒಳಗೆ ಏನೋ ಕಿತ್ತುಬಂದು ಜಾರಿತು. ಏನೆಂದು ಅವಳಿಗೆ ತಿಳಿಯಿತು. ಮಹಾದೇವಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಗುಲ್ನಾರಳಿಗೆ ಅಳು ಬರಲಿಲ್ಲ, ಸಿಟ್ಟಿಗೆ ಮೈಯೆಲ್ಲ ಉರಿಯಿತು.

ಆ ಕಾಗದ, ಪೆನ್ನು ಹಿಡಿದು ಗೋಡೆ ಆತುಕೊಂಡು ಎದ್ದಳು. ಪರದೆ ಸರಿಸಿ ಡಾಕ್ಟರ ಕೋಣೆಗೆ ಹೋದಳು. ಡಾಕ್ಟರು ಮೂಲೆಯಲ್ಲಿ ಕೈ ತೊಳೆಯುತ್ತಿದ್ದರು. ಬಿಳಿ ಟವೆಲ್ಲು ಹಾಸಿದ ಅವರ ದೊಡ್ಡ ಕುರ್ಚಿ ಖಾಲಿ ಇತ್ತು. ಗುಲ್ನಾರ ಹೋಗಿ ಅದರಲ್ಲಿ ಕೂತಳು.

"ಏಯ್, ಏಳ ಅಲ್ಲಿಂದ!" ನರ್ಸಬಾಯಿ ಓಡಿಬಂದಳು.

ಗುಲ್ನಾರ ಕಾಗದ ಮೇಜಿನ ಮೇಲಿಟ್ಟು ಪೆನ್ನನ್ನು ಡಾಕ್ಟರ ಕಡೆ ಚಾಚಿದಳು.

"ಇದನ್ನ ಹೊಡದ ಹಾಕ್ರಿ. ರಕ್ತ ಹೊಂಟಿದ್ರೂ ಗುದ್ಲೆಪ್ಪ ಸಾವ್ಕಾರ ಹೊಲಾ ಬಿಟ್ಟ ಕಳಸಲಿಲ್ಲ. ನೀವು ಒಂದ ತಾಸು ನೆಲದ ಮ್ಯಾಲ ಕುಂದ್ರಿಸಿದ್ರಿ. ಹಂಗಂತ ಬರೀರಿ. ಬರದ ಮ್ಯಾಲ ಏಳ್ತೇನಿ."

ಸರದಿಯಲ್ಲಿದ್ದ ಹೆಂಗಸರೆಲ್ಲ ಪರದೆಯ ಹತ್ತಿರ ಬಂದು ನಿಂತರು. ಡಾಕ್ಟರು ಒದ್ದೆ ಕೈಯಲ್ಲೇ ನಿಂತಿದ್ದರು. ಕುರ್ಚಿಯ ಟವೆಲ್ಲಿನ ಅಂಚಿನಿಂದ ನೆಲಕ್ಕೆ ರಕ್ತದ ಹನಿ ಬೀಳತೊಡಗಿತು. ಗುಲ್ನಾರ ಚಾಚಿದ ಕೈ ಇಳಿಸಲಿಲ್ಲ.